ನಲವತ್ತೆರಡು ಬಾಗಿಲು, ಒಂದೇ ಉತ್ತರ

ಇದು ನಡೆದ ಕಥೆ. ನಾನು ಸುಳ್ಳು ಹೇಳುವುದೆಲ್ಲ ಬೇರೆಯವರ ದನಿಯಲ್ಲಿ. ಇದನ್ನು ನನ್ನದೇ ದನಿಯಲ್ಲಿ ಹೇಳುತ್ತಿರುವುದರಿಂದ ನಂಬಬಹುದು. ನಂಬದಿದ್ದರೂ ಬೇಸರವಿಲ್ಲ. ಇದರಲ್ಲಿ ಬರುವವರು ಯಾರೂ ಯಾರನ್ನೂ ನಂಬುವುದಿಲ್ಲ. ಲೋಕಲ್ ರೈಲಿನ ಮೂವರ ಬೆಂಚಿನಲ್ಲಿ ನಾಲ್ಕನೆಯವರಿಗೆ ಜಾಗ ಮಾಡುವ ಹಾಗೆ ಸ್ವಲ್ಪ ಸರಿದು ನಿಮಗೂ ಜಾಗ ಕೊಡುತ್ತೇವೆ, ಕುಳಿತುಕೊಳ್ಳಿ.

ನನ್ನ ಹೆಸರು ಲತೀಶ್. ಡೊಂಬಿವಲಿಯವನು. ಮನೆಯಲ್ಲಿ ತುಳು, ಶಾಲೆಯಲ್ಲಿ ಹತ್ತನೆಯವರೆಗೆ ಕನ್ನಡ, ಬಿಲ್ಡಿಂಗಿನಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ. ಇಷ್ಟು ಭಾಷೆಗಳಲ್ಲಿ ಬೈಸಿಕೊಂಡವನಿಗೆ ಮಿಮಿಕ್ರಿ ತಾನಾಗಿ ಬರುತ್ತದೆ. ಎರಡು ವರ್ಷದಿಂದ ಬೇಲಾಪುರದ ಒಂದು ಸಂಸ್ಥೆಯಲ್ಲಿ ಎಂ.ಎ. ಓದುತ್ತಿದ್ದೆ. ಕೋರ್ಸಿನ ಹೆಸರು 'ಸುಸ್ಥಿರ ಅಭಿವೃದ್ಧಿಗಾಗಿ ಸಾಮಾಜಿಕ ನಾವೀನ್ಯ.' ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿರುವ ಅಪ್ಪನಿಗೆ ಇದನ್ನು ವಿವರಿಸಲು ಒಂದು ಇಡೀ ಭಾನುವಾರ ಹೋಯಿತು.

"ಜನರ ತೊಂದರೆಗೆ ಹೊಸ ದಾರಿ ಹುಡುಕುವುದು ಅಪ್ಪ. ಆ ದಾರಿ ತುಂಬಾ ಕಾಲ ಬಾಳಬೇಕು."

"ನಮ್ಮ ಇಡ್ಲಿ ಹಿಟ್ಟು ಎರಡು ದಿನ ಬಾಳುವುದಿಲ್ಲ. ನಿನ್ನ ದಾರಿ ಎಷ್ಟು ದಿನ ಬಾಳ್ತದೆ ನೋಡುವ," ಎಂದು ಅಪ್ಪ ಪೇಪರು ಬಿಡಿಸಿದರು.

ಕೊನೆಯ ಸೆಮಿಸ್ಟರಿನಲ್ಲಿ ಮೂವರ ಗುಂಪು ಮಾಡಿಕೊಂಡು ಒಂದು ವಸತಿಗೆ ಹೋಗಬೇಕಿತ್ತು. ಅಲ್ಲಿಯ ಜನ ತಾವೇ ಕಂಡುಕೊಂಡ ಹೊಸ ಪದ್ಧತಿ ಯಾವುದಾದರೂ ಇದ್ದರೆ ಅದನ್ನು ಪತ್ತೆ ಹಚ್ಚಿ, ಮನೆಮನೆಗೆ ಫಾರ್ಮ್ ತುಂಬಿಸಿ, ವರದಿ ಬರೆಯಬೇಕು. ನಮ್ಮ ಗೈಡ್ ತಾರಾನಾಥ ಸರ್, ಉಡುಪಿ ಕಡೆಯವರು. ಮಾತು ಶುರು ಮಾಡುವ ಮೊದಲು ಎರಡು ಸಲ ಕೆಮ್ಮುತ್ತಾರೆ. ಪ್ರತಿ ವಾಕ್ಯದ ಕೊನೆಗೆ 'ಅಲ್ವಾ?' ಎಂದು ಕೇಳುತ್ತಾರೆ, ನಾವು ಬಾಯಿ ತೆರೆಯುವ ಮೊದಲೇ 'ಅಲ್ಲ' ಎಂದು ತಾವೇ ಉತ್ತರಿಸುತ್ತಾರೆ. "ನಾವು ಅಲ್ಲಿ ಕಲಿಸಲಿಕ್ಕೆ ಹೋಗುವುದು, ಅಲ್ವಾ? ಅಲ್ಲ. ಕಲಿಯಲಿಕ್ಕೆ." ಇಂಥವರನ್ನು ಅನುಕರಿಸದೆ ಬಿಡುವುದು ನನ್ನಿಂದಾಗದ ಕೆಲಸ. ಕ್ಯಾಂಟೀನಿನಲ್ಲಿ ನಾನು ಎರಡು ಸಲ ಕೆಮ್ಮಿದರೆ ಬೆನ್ನು ತಿರುಗಿಸಿ ಕುಳಿತವರು ಎದ್ದು ನಿಲ್ಲುತ್ತಿದ್ದರು.

ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಸರ್ ನಮ್ಮ ಮೂವರನ್ನು ಒಂದು ಗುಂಪು ಮಾಡಿದ್ದರು. ಒಬ್ಬಳು ಸುಮೇಧಾ, ಬೆಂಗಳೂರಿನವಳು, ನೆರೂಲ್‌ನಲ್ಲಿ ಪಿಜಿ. ಮನುಷ್ಯರಿಗಿಂತ ಎಕ್ಸೆಲ್ಲನ್ನು ಹೆಚ್ಚು ನಂಬುವವಳು. ಇನ್ನೊಬ್ಬ ಅಂಬಾದಾಸ, ವಿಠ್ಠಲವಾಡಿಯವನು. ಅವನ ಹೆತ್ತವರು ಕಲಬುರಗಿಯ ಆಳಂದದಿಂದ ಬಂದವರು. ತಾಯಿ ಉಲ್ಹಾಸನಗರದ ಕಾರ್ಖಾನೆಯೊಂದರಲ್ಲಿ ಜೀನ್ಸ್ ಪ್ಯಾಂಟುಗಳ ಹೊರಬಿದ್ದ ದಾರ ಕತ್ತರಿಸುತ್ತಾಳೆ. ಅಂಬಾದಾಸನದ್ದು ಫೀ ಇಲ್ಲದ ಸೀಟು, ಮತ್ತು ಅದಕ್ಕೊಂದು ಶರತ್ತಿತ್ತು: ಕ್ಷೇತ್ರಕಾರ್ಯದಲ್ಲಿ ಫೇಲಾದರೆ ಸೀಟು ರದ್ದು. ನಾನೋ ಸುಮೇಧಾಳೋ ಫೇಲಾದರೆ ಇನ್ನೊಂದು ವರ್ಷ ಓದುತ್ತೇವೆ. ಅವನಿಗೆ ಆ ಇನ್ನೊಂದು ವರ್ಷ ಇರಲಿಲ್ಲ. ಕೋರ್ಸಿನ ಹೆಸರಿನಲ್ಲೇ ಸುಸ್ಥಿರ ಇತ್ತು, ಅವನ ಸೀಟು ಮಾತ್ರ ಅಸ್ಥಿರ.

ನಾವು ಆರಿಸಿದ್ದು ವಿಠ್ಠಲವಾಡಿ ಸ್ಟೇಷನ್ನಿನ ಆಚೆಗಿನ ಒಂದು ಚಾಳ, ಸಾಲುಮನೆಗಳ ವಠಾರ. ಹೆಸರು ಹೇಳುವುದಿಲ್ಲ, ಯಾಕೆಂದು ಆಮೇಲೆ ತಿಳಿಯುತ್ತದೆ. ನಲವತ್ತೆರಡು ಖೋಲಿ, ಅಂದರೆ ಒಂದೊಂದೇ ಕೋಣೆಯ ಮನೆಗಳು, ಮತ್ತು ಒಂದು ನಲ್ಲಿ. ಎಲ್ಲ ಕಲಬುರಗಿ ಕಡೆಯವರು, ಕಟ್ಟಡದ ಕೆಲಸ, ಹಮಾಲಿ. 'ಒಂದು ನಲ್ಲಿಯ ನೀರನ್ನು ನಲವತ್ತೆರಡು ಮನೆ ಹಂಚಿಕೊಳ್ಳುವ ಬಗೆ' ಎಂದು ವಿಷಯವನ್ನೂ ಇಟ್ಟುಕೊಂಡೆವು. ಅಲ್ಲೇನಾದರೂ ಹೊಸದು ಸಿಗಬಹುದು ಎಂಬ ಆಸೆ. ಉಳಿದ ಗುಂಪುಗಳೆಲ್ಲ ಆಗಲೇ ಅರ್ಧ ವರದಿ ಬರೆದಿದ್ದವು. ನಾವಿನ್ನೂ ನಾವೀನ್ಯವನ್ನೇ ಹುಡುಕುತ್ತಿದ್ದೆವು.

ಮೊದಲ ದಿನ ಮೂವರೂ ಹೋದೆವು. ನಲ್ಲಿಯ ಸುತ್ತ ಹದಿನೈದಿಪ್ಪತ್ತು ಹೆಂಗಸರು ಕೊಡ ಇಟ್ಟುಕೊಂಡು ಕುಳಿತಿದ್ದರು. ಸುಮೇಧಾ ನಮಸ್ಕಾರ ಹೇಳಿದಳು. ಒಬ್ಬರೂ ತುಟಿ ಬಿಚ್ಚಲಿಲ್ಲ. ಹೆಸರು ಕೇಳಿದಳು. ಮೌನ. ನಡುವೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತ ಹಿರಿಯ ಹೆಂಗಸು, ಅವರು ಮರಗಮ್ಮ ಎಂದು ಅಂಬಾದಾಸ ಪಿಸುಗುಟ್ಟಿದ, ನಮ್ಮನ್ನು ಮೇಲಿಂದ ಕೆಳಗೆ ನೋಡಿ ಎಲೆಗೆ ಸುಣ್ಣ ಹಚ್ಚತೊಡಗಿದರು. ಬಿಗಿ ಸಡಿಲಿಸೋಣ ಎಂದು ನಾನು ಮೂಗು ಹಿಡಿದು ಡೊಂಬಿವಲಿ ಸ್ಟೇಷನ್ನಿನ ಘೋಷಣೆ ಕೂಗಿದೆ. ಒಂದು ನಗೆಯಿಲ್ಲ. ಎರಡು ಸಲ ಕೆಮ್ಮಿ ತಾರಾನಾಥ ಸರ್ ಆಗಿ ಒಂದು ಸಣ್ಣ ಭಾಷಣ ಬಿಗಿದೆ. ಅದಕ್ಕೂ ಇಲ್ಲ. ನನ್ನ ಕಲಾಜೀವನದಲ್ಲಿ ಅಂಥ ಅವಮಾನ ಆಗಿರಲಿಲ್ಲ. ಕೊನೆಗೆ ಅವರ ನಡುವಿನಿಂದ ನಾಗವೇಣಿ ಎಂಬ ಮೂವತ್ತರ ಹೆಂಗಸು ಎದ್ದು ಒಂದೇ ಮಾತು ಕೇಳಿದಳು.

"ಯಾವ ಆಫೀಸು?"

ಹೊರಗೆ ಬಂದ ಮೇಲೆ ಅಂಬಾದಾಸ, "ನೀವಿಬ್ರೂ ಬ್ಯಾಡ. ನಿಮ್ಮ ಬೂಟು ನೋಡಿದ್ರ ಮಂದಿ ಬಾಯಿ ಮುಚ್ತಾರ. ನಾ ಒಬ್ಬನೇ ಹೋಗಿ ತುಂಬಿಸ್ಕೊಂಡ್ ಬರ್ತೀನಿ," ಎಂದ. ನಾಲ್ಕೇ ದಿನದಲ್ಲಿ ನಲವತ್ತೆರಡು ಫಾರ್ಮ್ ತಂದುಕೊಟ್ಟ. ನಮಗೆ ಖುಷಿಯೋ ಖುಷಿ.

ಖುಷಿ ಆ ಬುಧವಾರದವರೆಗೆ ಬಾಳಿತು. ಲೈಬ್ರರಿಯಲ್ಲಿ ಫಾರ್ಮುಗಳನ್ನು ಎಕ್ಸೆಲ್ಲಿಗೆ ಏರಿಸುತ್ತಿದ್ದ ಸುಮೇಧಾ ನನ್ನ ತೋಳು ಜಗ್ಗಿದಳು.

"ಲೋ, ಇಲ್ಲಿ ನೋಡೋ. ಹದಿನೇಳನೇ ಪ್ರಶ್ನೆ. ನೀರಿನ ವಿಷಯದಲ್ಲಿ ನಿಮ್ಮ ಅತಿ ದೊಡ್ಡ ತೊಂದರೆ ಯಾವುದು?"

ನೋಡಿದೆ. ಒಂದನೇ ಮನೆ: 'ನೀರು ಬರ್ತದ, ಆದ್ರ ಹೇಳಿ ಬರಂಗಿಲ್ಲ.' ಎರಡನೇ ಮನೆ: 'ನೀರು ಬರ್ತದ, ಆದ್ರ ಹೇಳಿ ಬರಂಗಿಲ್ಲ.' ಸುಮೇಧಾ ಬೆರಳಿನಿಂದ ತೆರೆ ಸರಿಸುತ್ತ ಹೋದಳು. ನಲವತ್ತೆರಡರಲ್ಲೂ ಅದೇ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

"ನಲವತ್ತೆರಡು ಮನೆಯವರೂ ಒಂದೇ ವಾಕ್ಯ ಹೇಳ್ತಾರಾ? ಏನಿದು, ಕೋರಸ್ಸಾ? ಎಷ್ಟು ವರ್ಷದಿಂದ ಇದ್ದೀರಿ ಅನ್ನೋದಕ್ಕೂ ಎಲ್ಲರದ್ದೂ ಒಂದೇ ಇಸವಿ. ಈಗ ಸಹಿ ನೋಡು."

ಸಹಿಗಳು ಸಹಜವಾಗಿರಲಿಲ್ಲ. ಹೆಸರು ನಲವತ್ತೆರಡು, ಕೈ ಮಾತ್ರ ನಾಲ್ಕು. ಮೊದಲ ಹನ್ನೊಂದರಲ್ಲಿ 'ವ'ಕ್ಕೆ ಒಂದೇ ಥರದ ಬಾಲ. ಆಮೇಲಿನ ಹನ್ನೊಂದರಲ್ಲಿ ಎಲ್ಲ ಅಕ್ಷರವೂ ಎಡಕ್ಕೆ ವಾಲಿದ್ದವು.

"ದಿನಕ್ಕೊಂದು ಕೈಬರಹ ಅಭ್ಯಾಸ ಮಾಡಿದಾನೆ ಕಣೋ," ಎಂದಳು ಸುಮೇಧಾ. "ಚಾಳಿಗೆ ಹೋಗೇ ಇಲ್ಲ. ಮನೇಲಿ ಕೂತು ಬರ್ದಿದಾನೆ. ಶನಿವಾರ ಸರ್ ಅಲ್ಲಿಗೆ ಬಂದು ಚೆಕ್ ಮಾಡ್ತಾರೆ. ಸುಳ್ಳು ಅಂತ ಗೊತ್ತಾದ್ರೆ ಮೂವರೂ ಫೇಲು. ಅವನ ಸೀಟಂತೂ ಹೋಯ್ತು."

ಅಂಬಾದಾಸ ಅಂಥವನಲ್ಲ ಎಂದು ನಾನು ಹೇಳಿದೆ. ಹೇಳುವಾಗಲೇ ನನ್ನ ದನಿ ನನಗೆ ಬೇರೆ ಯಾರದ್ದೋ ಮಿಮಿಕ್ರಿಯ ಹಾಗೆ ಕೇಳಿಸಿತು.

ಅವತ್ತು ಸಂಜೆ ಬೇಲಾಪುರದಿಂದ ಠಾಣೆಯವರೆಗೆ ಅವನ ಪಕ್ಕದಲ್ಲೇ ಕುಳಿತು ಬಂದೆ. ಐರೋಳಿ ದಾಟುವಾಗ ನೇರವಾಗಿ ಕೇಳಿಯೇ ಬಿಟ್ಟೆ.

"ಅಂಬ್ಯಾ, ಫಾರ್ಮ್ ಎಲ್ಲ ಸರಿ ಉಂಟಲ್ಲ ಮಾರಾಯ?"

"ಖರೇ ಅವ."

"ಎಲ್ಲ ಮನೆಗೂ ಹೋಗಿದ್ದೆಯಾ?"

ಅವನು ಕಿಟಕಿಯ ಕಡೆ ತಿರುಗಿದ. "ನಲವತ್ತೆರಡು ಬಾಗಿಲಕ್ಕೂ ಹೋಗೀನಿ."

ಬಾಗಿಲಕ್ಕೆ ಹೋದೆ ಎಂದ, ಮನೆಯವರನ್ನು ಕೇಳಿದೆ ಎನ್ನಲಿಲ್ಲ. ಸಂಶಯ ಬಂದವನ ಕಿವಿ ಹೀಗೆ ಹೇಳದ ಮಾತನ್ನೇ ಹೆಚ್ಚು ಕೇಳಿಸಿಕೊಳ್ಳುತ್ತದೆ. ಠಾಣೆಯಲ್ಲಿ ಗಾಡಿ ಬದಲಿಸುವಾಗ ಅವನಿಗೊಂದು ಫೋನು ಬಂತು. ನನ್ನಿಂದ ಹತ್ತು ಹೆಜ್ಜೆ ದೂರ ಹೋಗಿ ಕಂಬದ ಮರೆಯಲ್ಲಿ ನಿಂತ. ನಾನು ವಡಾಪಾವ್ ಕೊಳ್ಳುವ ನೆಪದಲ್ಲಿ ಕಂಬದ ಈ ಬದಿಗೆ ಬಂದೆ.

"ಶನಿವಾರ ಯಾರ ಪಾಳಿ ಅದ ಅಕ್ಕಾ?... ಹಂಗಾದ್ರ ಎಲ್ಲಾರಿಗೂ ಹೇಳಿಡ್ರಿ. ಸರ ಏನ್ ಕೇಳಿದ್ರೂ ಬ್ಯಾರೆಯವ್ರು ಬಾಯಿ ಹಾಕಬಾರ್ದು. ನನ್ನ ಸೀಟಿನ ಪ್ರಶ್ನೆ ಅದ."

ವಡಾಪಾವನ್ನು ಮತ್ತೆ ಕಾಗದದಲ್ಲಿ ಸುತ್ತಿದೆ. ಇವನು ಸಾಕ್ಷಿಗಳನ್ನು ತಯಾರು ಮಾಡುತ್ತಿದ್ದಾನೆ!

ಸರ್ ಹತ್ತಿರ ಹೋಗಿ ಹೇಳಿದರೆ ಅವನ ಸೀಟು ನನ್ನ ಕೈಯಿಂದಲೇ ಹೋಗುತ್ತದೆ. ಸುಮ್ಮನಿದ್ದರೆ ಶನಿವಾರ ಸರ್ ಕೈಯಿಂದ ಹೋಗುತ್ತದೆ. ಅದಕ್ಕಿಂತ ಮೊದಲು ನಿಜ ಗೊತ್ತಾದರೆ ಮೂವರೂ ರಜೆ ಹಾಕಿ ಹೋಗಿ ಫಾರ್ಮುಗಳನ್ನು ಹೊಸದಾಗಿ ತುಂಬಿಸಬಹುದು. ಹಾಗೆಂದು ನಾನು ಸುಮೇಧಾಳಿಗೆ ಹೇಳಿದೆ, ನನಗೂ ಹೇಳಿಕೊಂಡೆ. ಆದರೆ ಗುರುವಾರ ಮಧ್ಯಾಹ್ನ ಸಂಸ್ಥೆಯ ಹಿಂದಿನ ಮೆಟ್ಟಿಲಿನ ಮೇಲೆ ಕುಳಿತು ಅವಳ ಫೋನಿನಿಂದ ಫಾರ್ಮಿನಲ್ಲಿದ್ದ ಮರಗಮ್ಮನ ನಂಬರು ಒತ್ತುವಾಗ ನನಗೆ ಸ್ವಲ್ಪ ಮಜಾ ಬರುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಸುಮೇಧಾ ಸ್ಪೀಕರ್ ಹಾಕಿದಳು. ನಾನು ಎರಡು ಸಲ ಕೆಮ್ಮಿದೆ.

"ನಮಸ್ಕಾರ. ನಾನು ಬೇಲಾಪುರದಿಂದ ತಾರಾನಾಥ ಮಾತಾಡುವುದು. ನೀವು ಮರಗಮ್ಮನವರು, ಅಲ್ವಾ? ಅಲ್ಲ."

"ಮರಗಮ್ಮನೇ ಹೌದ್ರಿ. ಅಲ್ಲ ಅಂತ ನೀವ್ಯಾಕ ಹೇಳ್ತೀರಿ?"

ಸುಮೇಧಾ ಬಾಯಿಗೆ ದುಪಟ್ಟಾ ತುರುಕಿಕೊಂಡಳು. ನಾನು ಮುಂದುವರಿಸಿದೆ. "ನಮ್ಮ ಹುಡುಗ ಅಂಬಾದಾಸ ನಿಮ್ಮಲ್ಲಿಗೆ ಫಾರ್ಮ್ ತುಂಬಿಸಲಿಕ್ಕೆ ಬಂದಿದ್ದನಾ? ನಿಜ ಹೇಳಿ, ನಿಮಗೆ ಏನೂ ತೊಂದರೆ ಆಗುವುದಿಲ್ಲ."

ಮರಗಮ್ಮನ ದನಿ ತುಸು ತಗ್ಗಿತು, ಗುಟ್ಟು ಹೇಳುವವರ ಹಾಗೆ.

"ಖರೇ ಹೇಳ್ಲೇನ್ರೀ ಸರ? ಅಂಬಾದಾಸ ಬಂದೇ ಇಲ್ಲ. ಬಂದಾಂವ ಇನ್ನೊಬ್ಬ. ಉದ್ದನ ಹುಡುಗ, ಕನ್ನಡಕದಾಂವ. ಬಾಯಿ ಅಂದ್ರ ರೇಡಿಯೋ. ನಲವತ್ತೆರಡು ಫಾರ್ಮೂ ಅಂವ ಒಬ್ಬನೇ ನಮ್ಮ ಕಟ್ಟಿ ಮ್ಯಾಲ ಕುಂತು ಬರ್ದಾನ. ನಮ್ಮನ್ನ ಒಂದ್ ಮಾತೂ ಕೇಳಿಲ್ಲ. ಎರಡು ಜ್ವಾಳದ ರೊಟ್ಟಿ, ಪುಂಡಿಪಲ್ಯ ತಿಂದು ಹೋದ. ಏನದು ಹೆಸರು... ಹಾಂ, ಲತೀಶ!"

ಕೆಮ್ಮು ಬಂತು. ಈ ಸಲ ನನ್ನದೇ.

"ಅದು... ಇಲ್ಲ... ಅವನು ಅಂಥವನಲ್ಲ, ಬಹಳ ಒಳ್ಳೆಯ ಹುಡುಗ," ಎಂದೆ, ಸರ್ ದನಿಯಲ್ಲೇ. ಸರ್ ನನ್ನ ಬಗ್ಗೆ ಒಳ್ಳೆಯ ಮಾತಾಡಿದ್ದು ಅದೊಂದೇ ಸಲ.

"ಭಾಳ ಕೆಟ್ಟ ಹುಡುಗ್ರೀ. ಶನಿವಾರ ಬರ್ತೀರೆಲ್ಲ, ಅವನ ಎದುರಿಗೇ ಹೇಳ್ತೀನಿ." ಫೋನು ಕಟ್ಟಾಯಿತು.

ಸುಮೇಧಾ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದ ನಗು ಒಂದೊಂದೇ ಇಂಚು ಇಳಿಯುತ್ತಿತ್ತು.

"ನೀನು ಆ ಕಡೆ ಒಬ್ನೇ ಹೋಗಿದ್ಯಾ?"

"ಹುಚ್ಚು ಹಿಡಿದಿದೆಯಾ ನಿನಗೆ? ನಾನು ಆ ಮೊದಲ ದಿನ ಬಿಟ್ಟರೆ ವಿಠ್ಠಲವಾಡಿಯಲ್ಲಿ ಇಳಿದೇ ಇಲ್ಲ."

"ಕೈಬರಹ ಬದಲಾಯಿಸೋದು ಕೂಡ ಒಂಥರಾ ಮಿಮಿಕ್ರಿ ಅಲ್ವಾ," ಎಂದಳು ಅವಳು ನಿಧಾನಕ್ಕೆ. ನಾನು ಉತ್ತರಿಸುವ ಮೊದಲೇ ಎದ್ದು ಹೋದಳು. 'ಅಲ್ಲ' ಎನ್ನಲು ಅಲ್ಲಿ ಸರ್ ಇರಲಿಲ್ಲ.

ಆ ಸಂಜೆಯೆಲ್ಲ ಲೆಕ್ಕ ಕೂಡಿಸಿದೆ, ಒಂದೇ ಉತ್ತರ ಬರುತ್ತಿತ್ತು. ಅಂಬಾದಾಸ ಸಿಕ್ಕಿಬಿದ್ದರೆ ಹೇಳಲಿಕ್ಕೆಂದು ಆ ಹೆಂಗಸರಿಗೆ ನನ್ನ ಹೆಸರು ಕಲಿಸಿಟ್ಟಿದ್ದಾನೆ. ನಾನು ಅದನ್ನು ಯಾರಿಗೂ ಹೇಳುವ ಹಾಗಿಲ್ಲ. ಹೇಗೆ ಗೊತ್ತಾಯಿತು ಎಂದು ಕೇಳಿದರೆ, ಸರ್ ಹೆಸರಿನಲ್ಲಿ ಸುಳ್ಳು ಫೋನು ಮಾಡಿದ್ದು ಹೊರಬೀಳುತ್ತದೆ. ನಾನೇ ತೋಡಿದ ಗುಂಡಿ, ಹೊರಬರುವ ಮೆಟ್ಟಿಲು ಮಾತ್ರ ತೋಡಿರಲಿಲ್ಲ.

ಶುಕ್ರವಾರ ಅಂಬಾದಾಸ ಒಂದು ಸ್ಟೀಲ್ ಡಬ್ಬಿ ತಂದು ನನ್ನೆದುರು ಇಟ್ಟ. "ಮರಗಮ್ಮಕ್ಕ ಕೊಟ್ಟಾಳ. ಉದ್ದನ ಹುಡುಗಗ ಕೊಡು ಅಂದ್ಲು. ಯಾಕೋ ಗೊತ್ತಿಲ್ಲ."

ಮುಚ್ಚಳ ತೆಗೆದೆ. ಎರಡು ಜೋಳದ ರೊಟ್ಟಿ. ಪುಂಡಿಪಲ್ಯ.

"ನನಗೆ ಬೇಡ," ಎಂದು ಡಬ್ಬಿಯನ್ನು ದೂರ ನೂಕಿದೆ. ತಿಂದರೆ ಮರಗಮ್ಮನ ಹೇಳಿಕೆ ಅರ್ಧ ನಿಜವಾಗುತ್ತದೆ.

"ಯಾಕಲೇ, ವಿಷ ಹಾಕ್ಯಾಳೇನು?" ಎಂದು ಅಂಬಾದಾಸ ನಕ್ಕ. ಸುಮೇಧಾ ಡಬ್ಬಿ ಎಳೆದುಕೊಂಡು ಎರಡನ್ನೂ ತಿಂದಳು. ತಿನ್ನುತ್ತ ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು.

ಶನಿವಾರ ಮಧ್ಯಾಹ್ನ ಮೂರೂವರೆಗೆ ಸರ್ ಜೊತೆ ವಿಠ್ಠಲವಾಡಿಯಲ್ಲಿ ಇಳಿದೆವು. "ಎಂತ ಲತೀಶ್, ಇವತ್ತು ಮಾತೇ ಇಲ್ಲ. ಹುಷಾರುಂಟು, ಅಲ್ವಾ? ಅಲ್ಲ," ಎಂದರು ಸರ್. ಅಂಬಾದಾಸ ಮುಂದೆ ಹೋಗುತ್ತಿದ್ದ. ಅವನ ಶರ್ಟಿನ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ನೀರು ಬರಬಹುದಾದ ಹೊತ್ತು. ನಲ್ಲಿಯ ಸುತ್ತ ಹೆಂಗಸರೆಲ್ಲ ಕೊಡ ಇಟ್ಟುಕೊಂಡು ಕಾಯುತ್ತಿದ್ದರು, ಅವತ್ತಿನ ಹಾಗೆಯೇ ಮೌನವಾಗಿ. ಮರಗಮ್ಮ ಅದೇ ಕುರ್ಚಿಯಲ್ಲಿ. ನಾಗವೇಣಿ ಎದ್ದು ಮುಂದೆ ಬಂದಳು.

ಸರ್ ಒಂದನೇ ಖೋಲಿಯ ಬಾಗಿಲಲ್ಲಿ ನಿಂತರು. ನಾಗವೇಣಿ ಉತ್ತರ ಕೊಟ್ಟಳು. ಎರಡನೇ ಖೋಲಿಗೆ ಬಂದರು. ಅಲ್ಲೂ ನಾಗವೇಣಿ. ಮೂರನೆಯದಕ್ಕೆ ಬೀಗ ಇತ್ತು. ಬೀಗದ ಮುಂದೆ ನಿಂತು ಆ ಮನೆಯ ಮಕ್ಕಳ ಹೆಸರು, ವಯಸ್ಸು, ಬಂದ ಇಸವಿಯನ್ನೆಲ್ಲ ನಾಗವೇಣಿಯೇ ಹೇಳಿದಳು. ನಾಲ್ಕನೆಯ ಮನೆಯವಳು ತನ್ನ ಹೊಸ್ತಿಲಲ್ಲೇ ನಿಂತಿದ್ದಳು, ಆದರೂ ಬಾಯಿ ತೆರೆಯಲಿಲ್ಲ. ಸರ್ ಹದಿನೇಳನೇ ಪ್ರಶ್ನೆ ಕೇಳಿದರು. ಹೊಸ್ತಿಲಲ್ಲಿದ್ದವಳು ನಾಗವೇಣಿಯ ಮುಖ ನೋಡಿದಳು.

"ನೀರು ಬರ್ತದ, ಆದ್ರ ಹೇಳಿ ಬರಂಗಿಲ್ಲ," ಎಂದಳು ನಾಗವೇಣಿ.

ಸರ್ ಕೈಯಲ್ಲಿದ್ದ ಫಾರ್ಮುಗಳನ್ನು ಒಂದೊಂದಾಗಿ ತಿರುವಿದರು. ನಾಲ್ಕು, ಹತ್ತು, ಇಪ್ಪತ್ತು. ಮುಖ ಕಪ್ಪಾಯಿತು.

"ಅಂಬಾದಾಸ್, ಇದೆಂತದು?"

ಅಂಬಾದಾಸ ನೆಲ ನೋಡಿದ.

"ಮೊನ್ನಿ ಫೋನಿನ್ಯಾಗ ಹೇಳಿದ್ನೆಲ್ರೀ ಸರ," ಎಂದರು ಮರಗಮ್ಮ ಕುರ್ಚಿಯಿಂದಲೇ. "ಅಂವನ್ನ ಯಾಕ ಕೇಳ್ತೀರಿ? ಎಲ್ಲಾ ಈ ಉದ್ದನ ಹುಡುಗನ ಕೆಲಸ."

"ಫೋನಾ? ನಾನು ನಿಮಗೆ ಫೋನೇ ಮಾಡಿಲ್ಲ!"

ಎಲ್ಲರ ಕಣ್ಣೂ ನನ್ನ ಮೇಲೆ. ಸುಮ್ಮನಿದ್ದರೆ ಸುಳ್ಳು ಫಾರ್ಮು ಬರೆದವನು ನಾನು. 'ನಾನಲ್ಲ, ಅಂಬಾದಾಸ' ಎಂದರೆ ಬಹುಶಃ ಬಚಾವಾಗುತ್ತೇನೆ, ಅವನ ಸೀಟು ಇಲ್ಲಿಗೆ ಮುಗಿಯುತ್ತದೆ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತೂ ಹೌದು.

"ಸರ್, ಫೋನು ಮಾಡಿದ್ದು ನಾನು," ಎಂದೆ. "ನಿಮ್ಮ ದನಿಯಲ್ಲಿ. ಫಾರ್ಮುಗಳನ್ನು ಅಂಬಾದಾಸ ಮನೆಯಲ್ಲಿ ಕೂತು ಬರೆದಿದ್ದಾನೆ ಅಂತ ಸಂಶಯ ಬಂತು. ನಿಮಗೆ ಗೊತ್ತಾಗುವ ಮೊದಲು ನನಗೆ ಗೊತ್ತಾಗಬೇಕಿತ್ತು."

ಸರ್ ಬಾಯಿ ತೆರೆದು ಹಾಗೇ ನಿಂತರು. ಅಂಬಾದಾಸ ನನ್ನತ್ತ ತಿರುಗಿದ.

"ನನಗ ಕೇಳಬೇಕಿತ್ತಲ್ಲೋ."

"ರೈಲಿನಲ್ಲಿ ಕೇಳಿದ್ದೆನಲ್ಲ."

"ಕೇಳಿದ್ದಿ. ನಂಬಲಿಲ್ಲ."

ನಾನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದೆ.

ಮರಗಮ್ಮ ಕುರ್ಚಿಯಿಂದ ಎದ್ದರು. "ತಮ್ಮಾ, ನೀ ಫೋನ್ ಹಚ್ಚಿದ ಕೂಡ್ಲೇ ನನಗ ಗೊತ್ತಾಯ್ತು. ಮೊದಲ್ನೇ ದಿನ ಇಲ್ಲೇ ನಿಂತು ಕೆಮ್ಮಿದ್ದೆಲ್ಲ, ಅದೇ ಕೆಮ್ಮು. ಅದೂ ಅಲ್ದ, ನಮ್ಮ ಚಾಳಕ್ಕ ಇಲ್ಲೀತನಕ ಹನ್ನೊಂದು ಸರ್ವೇ ಆಗ್ಯಾವ. ಬರದದ್ದು ಖರೇನೋ ಸುಳ್ಳೋ ಅಂತ ಫೋನ್ ಮಾಡಿ ಕೇಳಿದ ಸಾಹೇಬ ಒಬ್ಬನೂ ಇಲ್ಲ. ಅವರಿಗೆ ಫಾರ್ಮ್ ತುಂಬಿದ್ರ ಆಯ್ತು. ಕೇಳಾಂವ ಅಂದ್ರ ಹುಡುಗನೇ ಇರಬೇಕು ಅಂದ್ಕೊಂಡೆ. ದೋಸ್ತನ ಬೆನ್ನಹಿಂದ ಕೇಳಾಕತ್ತಾನ, ಸ್ವಲ್ಪ ಅಂಜಸೋಣು ಅಂತ ಅಂಬಾದಾಸನ ಬಾಯಾಗ ಕೇಳಿದ್ದ ನಿನ್ನ ಹೆಸರೇ ಹೇಳಿದೆ. ರೊಟ್ಟಿ ತಿಂದೇನು?"

"ಇಲ್ಲ," ಎಂದೆ.

"ನಾನು ತಿಂದೆ ಅಜ್ಜಿ, ಸಖತ್ತಾಗಿತ್ತು," ಎಂದಳು ಸುಮೇಧಾ.

"ಆದರೆ ಈ ಫಾರ್ಮು?" ಸರ್ ಇನ್ನೂ ಅಲ್ಲೇ ಇದ್ದರು. "ಎಲ್ಲ ಮನೆಗೂ ಇವರೊಬ್ಬರೇ ಯಾಕೆ ಮಾತ್ನಾಡುವುದು?"

ಅಂಬಾದಾಸ ಮರಗಮ್ಮನ ಮುಖ ನೋಡಿದ. ಅವರು ಹೂಂ ಎಂದ ಮೇಲೆ ಅವನು ಹೇಳತೊಡಗಿದ. ಅರ್ಧಕ್ಕೆ ಬಂದಾಗ ಮರಗಮ್ಮನೇ ಮಾತು ತೆಗೆದುಕೊಂಡರು.

ಆರು ವರ್ಷದ ಹಿಂದೆ ಯಾವುದೋ ಕಚೇರಿಯವರು ಬಂದು ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ಮನೆಮನೆಗೆ ಕೇಳಿದ್ದರು. ಕೆಲಸಕ್ಕೆ ಹೊರಟು, ಕೂಲಿಯವರು ಕಾಯುವ ನಾಕಾದಲ್ಲಿ ನಿಂತಿದ್ದ ಮರಗಮ್ಮನ ಗಂಡ ಮಾಪಣ್ಣ ರೇಶನ್ ಕಾರ್ಡು ಸಿಕ್ಕಂದಿನಿಂದ ಎಣಿಸಿ ಒಂದು ಲೆಕ್ಕ ಹೇಳಿದ. ಮನೆಯಲ್ಲಿದ್ದ ಮರಗಮ್ಮ ಊರಿನಿಂದ ಬಂದು ಇಳಿದ ದಿನದಿಂದ ಎಣಿಸಿ ಇನ್ನೊಂದು ಹೇಳಿದರು. ಎರಡೂ ನಿಜ. ಪಟ್ಟಿಯಲ್ಲಿ ಅವರ ಮನೆಯ ಮುಂದೆ 'ಸಂಶಯಾಸ್ಪದ' ಎಂದು ಬಿತ್ತು. ಹಾಗೆಯೇ ಇನ್ನೆರಡು ಮನೆಗೂ. ಆ ಒಂದು ಶಬ್ದ ತೆಗೆಸಲು ಎರಡು ವರ್ಷ ಅಲೆದರು.

"ಅವತ್ತಿಂದ ನಮ್ಮ ಮನ್ಯಾಗಿನವರು ವರ್ಷ ಹೇಳೋದೇ ಬಿಟ್ಟಾರ. ವಯಸ್ಸೆಷ್ಟು ಅಂತ ಕೇಳಿದ್ರೂ 'ಅಕಿನ್ನ ಕೇಳ್ರಿ' ಅಂತಾರ," ಎಂದರು ಮರಗಮ್ಮ. "ಆವಾಗ ಎಲ್ಲಾರೂ ಕುಂತು ಮಾತಾಡಿದಿವಿ. ಮೊದಲು ಎಲ್ಲಾ ಮನಿ ಮಾಹಿತಿ ಎಲ್ಲಾರೂ ಬಾಯಿಪಾಠ ಮಾಡಿದಿವಿ, ಬಂದ ಇಸವಿ ಮಾತ್ರ ಎಲ್ಲಾರದೂ ಚಾಳ ಕಟ್ಟಿದ ವರ್ಷನೇ ಅಂತ ಮಾಡಿದಿವಿ. ಈಗ ಬರಿಯಾಕ ಬರೋ ಏಳೆಂಟು ಮಂದ್ಯಾಗ ದಿನಕ್ಕ ಒಬ್ಬಾಕಿಂದು ಪಾಳಿ. ಅವತ್ತು ಅಕಿ ಕೆಲಸಕ್ಕ ಹೋಗಂಗಿಲ್ಲ, ಅಕಿ ನೀರು ಬಾಜುದವರು ತುಂಬ್ತಾರ. ಹೊರಗಿನವರು ಯಾರ್ ಬಂದ್ರೂ ಅಕಿ ಒಬ್ಬಾಕಿನೇ ಮಾತಾಡೋದು, ಸಹಿ ಅಕಿನೇ ಹಾಕೋದು. ಉಳಿದವರು ಹೂಂ ಅನ್ನಂಗಿಲ್ಲ, ಊಹೂಂ ಅನ್ನಂಗಿಲ್ಲ."

"ನಗಂಗೂ ಇಲ್ಲ," ಎಂದಳು ನಾಗವೇಣಿ ನನ್ನನ್ನು ನೋಡಿ. "ಅವತ್ತು ನೀವು ಡೊಂಬಿವಲಿ ಸ್ಟೇಷನ್ ಮಾಡಿದಾಗ ಎಲ್ಲಾರೂ ಸೆರಗ ಕಚ್ಕೊಂಡು ಕುಂತಿದ್ರು. ನನ್ನ ಪಾಳಿ ಇತ್ತು, ನನಗ ನಗಾಕ ಬರ್ತಿತ್ತು. ಆದ್ರ ಆಫೀಸಿನವರ ಮುಂದ ಒಬ್ಬಾಕಿನೇ ಹ್ಯಾಂಗ ನಗಲಿ?"

ನನ್ನ ಕಲಾಜೀವನಕ್ಕೆ ಮತ್ತೆ ಜೀವ ಬಂತು. ಆದರೆ ಸರ್ ಮುಖ ಸಡಿಲವಾಗಿರಲಿಲ್ಲ.

"ಹಾಗಾದರೆ ಇದು ನಲವತ್ತೆರಡು ಫಾರ್ಮ್ ಅಲ್ಲ. ನಾಲ್ಕು ದಿನ, ನಾಲ್ಕು ಜನ. ಇದನ್ನು ನಾನು ಪಾಸು ಮಾಡಲಿಕ್ಕೆ ಆಗುವುದಿಲ್ಲ ಅಂಬಾದಾಸ್. ನಿನಗೆ ಗೊತ್ತಿತ್ತು, ಅಲ್ವಾ?"

ಈ ಸಲ ಸರ್ ತಾವೇ ಉತ್ತರಿಸಲಿಲ್ಲ.

"ಗೊತ್ತಿತ್ರಿ ಸರ."

"ಮತ್ತೆ ವರದಿಗೆ ಈ ಪಾಳಿಯ ವಿಷಯವನ್ನೇ ಯಾಕೆ ತೆಗೆದುಕೊಳ್ಳಲಿಲ್ಲ? ಇಡೀ ಕೋರ್ಸಿನಲ್ಲಿ ಹುಡುಕಲಿಕ್ಕೆ ಹೇಳಿದ್ದು ಇಂಥದ್ದನ್ನೇ ಅಲ್ಲವಾ ಮಾರಾಯ?"

"ಬರದ್ರ ಓದಿದವರಿಗೆ ಗೊತ್ತಾಗ್ತದಲ್ರೀ. ಮುಂದ ಈ ಚಾಳಿನ ಒಂದ್ ಫಾರ್ಮೂ ಯಾರೂ ನಂಬಂಗಿಲ್ಲ. ನಲವತ್ತೆರಡು ಮನಿ ಮುಂದೂ ಅದೇ ಶಬ್ದ ಬೀಳ್ತದ. ನನ್ನದು ಒಂದ್ ಸೀಟು. ಹೋದ್ರ ಹೋಗ್ಲಿ ಅಂತ ಬಿಟ್ಟಿದ್ದೆ."

ಮರಗಮ್ಮ ನಲ್ಲಿಯ ಸುತ್ತಲಿನವರ ಕಡೆ ತಿರುಗಿ, "ಏನಂತೀರಿ?" ಎಂದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಒಬ್ಬೊಬ್ಬರಾಗಿ ನಾಗವೇಣಿಯತ್ತ ನೋಡಿದರು. ನಾಗವೇಣಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇವತ್ತು ನನ್ನ ಪಾಳಿ, ನಾ ಹೇಳ್ತೀನಿ. ಅಂವ ಬರೀಲಿ. ಚಾಳಿನ ಹೆಸರು ಬರೀಬಾರ್ದು, ಅಷ್ಟೇ. ಇಂಥವು ಈ ಕಡೆ ನೂರು ಚಾಳ ಅವ, ಯಾವುದಂತ ಹುಡುಕ್ತಾರ?"

ಸರ್ ಎರಡು ಸಲ ಕೆಮ್ಮಿದರು. "ಹದಿನೈದು ದಿನ ಕೊಡ್ತೇನೆ. ವಿಷಯ ನೀರಲ್ಲ, ಪಾಳಿ. ಆದರೆ ನಲವತ್ತೆರಡು ಮನೆಯವರೂ ಅವರವರ ಬಾಯಿಂದಲೇ ಹೇಳಬೇಕು. ಅದು ಬಂದರೆ ಸೀಟಿಗೆ ತೊಂದರೆ ಇಲ್ಲ. ಬಾರದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ."

"ಹೇಳ್ತೀವಿ," ಎಂದಳು ನಾಗವೇಣಿ. "ಆದ್ರ ಹನ್ನೊಂದು ಸಲ ನಾವು ಉತ್ತರ ಕೊಟ್ಟೀವಿ. ಇವತ್ತು ಒಂದ್ ಸಲ ನೀವು ಕೊಡ್ರಿ. ಕುಂಡ್ರಿ ಸರ."

ಮರಗಮ್ಮ ಸರ್ ಅವರನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ನಾಗವೇಣಿಗೆ ಫಾರ್ಮು ಬೇಕಿರಲಿಲ್ಲ, ಪ್ರಶ್ನೆಗಳೆಲ್ಲ ಬಾಯಿಪಾಠ. ಹೆಸರು, ಮನೆ, ಎಷ್ಟು ಖೋಲಿ, ಎಷ್ಟು ಮಂದಿ. ಖಾರ್ಘರದ ಆ ಮನೆಯಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂದಾಗ ಸರ್ ಹನ್ನೆರಡು ಎಂದರು. ಆಮೇಲೆ, ಇಲ್ಲ, ಹದಿಮೂರು ಎಂದರು.

"ಸಂಶಯಾಸ್ಪದ," ಎಂದರು ಮರಗಮ್ಮ.

"ನೀರು ಎಷ್ಟು ಗಂಟೆಗೆ ಬರ್ತದ?"

"ಬರ್ತದೆ... ಟ್ಯಾಂಕಿಗೆ... ಎಷ್ಟು ಗಂಟೆಗೆ ಅಂತ ನನಗೆ ಸರಿ ಗೊತ್ತಿಲ್ಲ."

"ಮನ್ಯಾಗ ಯಾರಿಗೆ ಗೊತ್ತದ?"

"ಹೆಂಡತಿಗೆ."

"ಹಂಗಾದ್ರ ಪಾಳಿ ಅವರದು. ನೀವ್ಯಾಕ ಬಂದ್ರಿ?" ನಾಗವೇಣಿಯ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. "ಇರ್ಲಿ, ಹದಿನೇಳನೇದು ಹೇಳ್ರಿ. ನೀರಿನ ವಿಷಯದಾಗ ನಿಮ್ಮ ಮನಿಗೆ ದೊಡ್ಡ ತೊಂದರಿ ಯಾವುದು?"

ಸರ್ ಎರಡು ಸಲ ಕೆಮ್ಮಿದರು. ಕತ್ತು ಹೊರಳಿಸಿ ನಮ್ಮನ್ನು ನೋಡಿದರು, ಪರೀಕ್ಷೆಯಲ್ಲಿ ನಾವು ಅವರನ್ನು ನೋಡುವ ಹಾಗೆ. ಮುಂದಿನದು ನಾನು ಬೇಕೆಂದು ಮಾಡಿದ್ದಲ್ಲ. ನನ್ನ ಬಾಯಿ ತಾನಾಗಿ ಅವರ ಪಾಳಿ ತೆಗೆದುಕೊಂಡಿತು.

"ನೀರು ಬರ್ತದೆ, ಆದರೆ ಹೇಳಿ ಬರುವುದಿಲ್ಲ. ಅಲ್ವಾ? ಅಲ್ಲ."

ದನಿ ಎಷ್ಟು ಸರಿಯಾಗಿ ಬಿತ್ತೆಂದರೆ ಸರ್ ತಮ್ಮ ತುಟಿ ಮುಟ್ಟಿ ನೋಡಿಕೊಂಡರು. ಹೆಂಗಸರೆಲ್ಲ ಸೆರಗು ಕಚ್ಚಿಕೊಂಡರು. ಒಂದೇ ವಾರದಲ್ಲಿ ಎರಡು ಸಲ ಗುರುವಿನ ದನಿ ಕದ್ದವನಿಗೆ ಯಾವ ಸೀಟೂ ಉಳಿಯುವುದಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಮತ್ತೆ ಕೆಮ್ಮು ಕೇಳಿಸಿತು. ಒಂದು, ಎರಡು. ಸರ್ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದೆ.

"ಈ ಸಲ ಅಂವ ಅಲ್ರೀ ಸರ," ಎಂದರು ಮರಗಮ್ಮ. "ನಲ್ಲಿ."

ನಲ್ಲಿ ಮೂರನೇ ಸಲ ಕೆಮ್ಮಿ ಸರ್ ಪ್ಯಾಂಟಿನ ಮೇಲೆ ನೀರು ಚಿಮ್ಮಿಸಿತು. "ಏಳ್ರಬೇ, ನೀರ್ ಬಂತು! ಇವತ್ತು ನಗಾಕ ಎಲ್ಲಾರ ಪಾಳಿ!" ಎಂದು ನಾಗವೇಣಿ ಕೂಗಿದಳು. ಕೊಡಗಳ ಸದ್ದಿಗೂ ಮೀರಿ ನಗು ಎದ್ದಿತು. ಸುಮೇಧಾ ಕಂಬ ಹಿಡಿದುಕೊಂಡಳು. ನನ್ನೊಂದಿಗೆ ಇನ್ನೂ ಮಾತು ಬಿಟ್ಟೇ ಇದ್ದ ಅಂಬಾದಾಸ ಒಂದು ಖಾಲಿ ಕೊಡವನ್ನು ನನ್ನ ಕೈಗೆ ತುರುಕಿ, "ತುಂಬು, ನಾಗವೇಣಕ್ಕಂದು," ಎಂದ. ಸಾಲಿನಲ್ಲಿ ನಿಂತು ಹಿಂದೆ ನೋಡಿದರೆ, ಒದ್ದೆ ಪ್ಯಾಂಟಿನಲ್ಲಿ, ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಹೊಟ್ಟೆ ಹಿಡಿದುಕೊಂಡು, ನಲವತ್ತೆರಡು ಮನೆಯವರನ್ನೂ ಮೀರಿಸುವ ಹಾಗೆ ತಾರಾನಾಥ ಸರ್ ನಗುತ್ತಿದ್ದರು. ಎರಡು ವರ್ಷದಲ್ಲಿ ನಾನು ಆ ನಗು ಕೇಳಿಯೇ ಇರಲಿಲ್ಲ.